ಧಾರವಾಡದ ಕೋಟೆಯ ಹೆಬ್ಬಾಗಿಲು

ಮಾಘಮಾಸದ ಶುಕ್ಲಪಕ್ಷವು ಬಂದಿತೆಂದರೆ ಧಾರವಾಡ, ಬೆಳಗಾವಿ ಸೀಮೆಗಳ ಒಕ್ಕಲಿಗರು ಎತ್ತುಗಳ ಕೊಂಬಿಗೆ ಬಣ್ಣ ಬಳಿದು, ಕೊರಳಿಗೆ ಗೆಜ್ಜೆಸರ ಕಟ್ಟಿ, ಬಂಡಿ ಹೂಡಿ ಉಳವಿಯ ಜಾತ್ರೆಗೆ ಹೊರಡುವರು. ಕಲ್ಯಾಣದಲ್ಲಿ ಕ್ರಾಂತಿಯಾದ ಬಳಿಕ ಚನ್ನಬಸವಣ್ಣನವರು ಶರಣಸಮೂಹದೊಡನೆ ಬಂದು ಐಕ್ಯರಾದ ಸ್ಥಳವೆಂದು ಉಳವಿಗೆ ಪ್ರಸಿದ್ಧಿಯುಂಟು. ಬಯಲುನಾಡಿನ ಬಂಡಿಗಳು ಹಳಿಯಾಳವನ್ನು ದಾಟಿ ಕಾಡನ್ನು ಹೊಗುವಾಗ ಆ ಗೆಜ್ಜೆಯ ನಾದವನ್ನು ಅಂಬೇವಾಡಿ, ದಾಂಡೇಲಿಗಳ ಜನರು ತಲೆತಲಾಂತರದಿಂದ ಕೇಳುತ್ತ ಬಂದಿರುವರು. ಜೋಳದ ನಾಡಿನವರು ಬಿದಿರಿನ ನಾಡಿಗೆ ಇಳಿಯುವ ಈ ದಾರಿಯ ಮೂಡಣ ತುದಿಯಲ್ಲಿ ಧಾರವಾಡವಿದೆ. ಅಲ್ಲಿಂದ ಪಶ್ಚಿಮಕ್ಕೆ ಕಾಲಿಟ್ಟರೆ ಮಲೆನಾಡು, ಪೂರ್ವಕ್ಕೆ ಕಾಲಿಟ್ಟರೆ ಎರೆಯ ಭೂಮಿ. ಈ ಕಾರಣದಿಂದಲೇ ಆ ಊರಿಗೆ ‘ದ್ವಾರವಾಟ’ವೆಂಬ ಹೆಸರು ಬಂದು, ಅದು ಜನರ ನಾಲಗೆಯಲ್ಲಿ ಸವೆದು ‘ಧಾರವಾಡ’ವಾಯಿತೆಂದು ಬಹುಜನರು ಹೇಳುವರು. ಬಾಗಿಲೆಂಬುದೇ ಹೆಸರಾದ ಊರಿನ ಕೋಟೆಯ ಬಾಗಿಲಿನ ಕಥೆಯನ್ನು ಹೇಳುವದಕ್ಕೆ ಮುಂಚೆ ಆ ಹೆಸರನ್ನು ಕೊಂಚ ಒರೆಗೆ ಹಚ್ಚಿ ನೋಡಬೇಕು.

ಎರಡನೆಯ ಪದದ ವಿಷಯದಲ್ಲಿ ತಂಟೆಯಿಲ್ಲ. ‘ವಾಟ’ವೆಂದರೆ ಆವರಣ, ಬೇಲಿ ಹಾಕಿದ ಸ್ಥಳ. ಅದು ಪ್ರಾಕೃತದಲ್ಲಿ ‘ವಾಡ’ವಾಗುವದು. ಅದರ ಸ್ತ್ರೀಲಿಂಗರೂಪವಾದ ‘ವಾಟಿಕಾ’ ಎಂಬುದು ‘ವಾಡಿ’ ಆಗುವದು. ಸೀತಾದೇವಿಯು ಸೆರೆಯಿದ್ದ ಅಶೋಕವಾಟಿಕೆಯನ್ನು ಬಲ್ಲವರಿಗೆ ಅಂಬೇವಾಡಿಯ ಹೆಸರೂ ತಾನಾಗಿ ತಿಳಿದೀತು. ‘ಅಂಬೆ’ ಎಂಬುದು ಮರಾಠಿ, ಕೊಂಕಣಿಗಳ ಮಾವು, ಸಂಸ್ಕೃತದ ಆಮ್ರ. ಆದಕಾರಣ ಅಂಬೇವಾಡಿಯೆಂದರೆ ಆಮ್ರವಾಟಿಕೆ, ಮಾವಿನ ತೋಪು. ದೇವಿಯ ಹೆಸರಿನಿಂದ ಅರ್ಥ ಮಾಡುವವರೂ ಇದ್ದಾರೆ. ಅವರೊಡನೆ ವಾದ ಬೇಡ. ತೊಡಕಿರುವದು ‘ಧಾರ’ ಎಂಬ ಮೊದಲ ಪದದಲ್ಲಿ. ಸಂಸ್ಕೃತದ ‘ದ್ವಾರ’ವು ಪ್ರಾಕೃತಕ್ಕೆ ಇಳಿದಾಗ ‘ದುವಾರ’, ‘ದಾರ’, ‘ಬಾರ’ ಎಂಬ ರೂಪಗಳನ್ನು ತಾಳುವದೆಂದು ವೈಯಾಕರಣರು ಹೇಳಿರುವರು. ಅಲ್ಲಿ ಎಲ್ಲಿಯೂ ಮಹಾಪ್ರಾಣವಿಲ್ಲ. ಅಲ್ಪಪ್ರಾಣವಿದ್ದಲ್ಲಿ ಮಹಾಪ್ರಾಣವು ತಾನಾಗಿ ಹುಟ್ಟಿತೆಂದು ಹೇಳುವವರು ಕಾರಣವನ್ನೂ ಹೇಳಬೇಕಾಗುವದು. ಕನ್ನಡಿಗರ ನಾಲಗೆಯು ಮಹಾಪ್ರಾಣವನ್ನು ಇಳಿಸುವದೇ ಹೆಚ್ಚು, ಏರಿಸುವದು ಅಪರೂಪ. ಹೀಗಾಗಿ ದ್ವಾರವಾಟದ ನಿರುಕ್ತಿಯು ವ್ಯಾಕರಣದ ಬಲದಿಂದ ನಿಂತದ್ದಲ್ಲ, ಭೂಗೋಲದ ಬಲದಿಂದ ನಿಂತದ್ದು. ಆ ಬಲವೇನೂ ಸಾಮಾನ್ಯವಾದುದಲ್ಲ.

ಇನ್ನೊಂದು ಐತಿಹ್ಯವು ಕೋಟೆಗೇ ಸಂಬಂಧಿಸಿದ್ದು. ಆನೆಗುಂದಿಯ ರಾಮರಾಯನ ಅಧಿಕಾರಿಯಾದ ಧಾರರಾವನೆಂಬವನು ಕ್ರಿ. ಶ. ೧೪೦೩ರಲ್ಲಿ ಈ ಕೋಟೆಯನ್ನು ಕಟ್ಟಿಸಿದನೆಂದೂ, ಅವನ ಹೆಸರೇ ಊರಿಗೆ ನಿಂತಿತೆಂದೂ ಆ ಕಥೆಯ ಸಾರ. ಮುಂಬಯಿ ಸರಕಾರದವರ ಗ್ಯಾಝೆಟಿಯರದಲ್ಲಿಯೂ ಇದು ಸೇರಿಹೋದುದರಿಂದ ಶಾಲೆಯ ಮಕ್ಕಳು ಸಹ ಇದನ್ನು ಬಾಯಿಪಾಠ ಮಾಡಿದ ಕಾಲವಿತ್ತು. ಆದರೆ ಈ ಕಥೆಯು ತನ್ನ ಕಾಲನ್ನು ತಾನೇ ತುಳಿಯುತ್ತದೆ. ೧೪೦೩ರಲ್ಲಿ ವಿಜಯನಗರದ ಸಿಂಹಾಸನದ ಮೇಲಿದ್ದವನು ಎರಡನೆಯ ಹರಿಹರ. ಅಳಿಯ ರಾಮರಾಯನು ರಣರಂಗದಲ್ಲಿ ತಲೆಗೊಟ್ಟದ್ದು ೧೫೬೫ರಲ್ಲಿ. ಇವರಿಬ್ಬರ ನಡುವೆ ಒಂದೂವರೆ ಶತಮಾನಕ್ಕೂ ಮಿಕ್ಕಿ ಅಂತರವಿದೆ. ರಾಮರಾಯನನ್ನು ಇಟ್ಟುಕೊಂಡರೆ ವರ್ಷವನ್ನು ಬಿಡಬೇಕು, ವರ್ಷವನ್ನು ಇಟ್ಟುಕೊಂಡರೆ ರಾಮರಾಯನನ್ನು ಬಿಡಬೇಕು. ಅದಕ್ಕಿಂತ ದೊಡ್ಡ ಆಕ್ಷೇಪಣೆಯೊಂದುಂಟು. ಧಾರವಾಡದ ಹೆಸರು ಹನ್ನೆರಡನೆಯ ಶತಮಾನದ ಶಿಲಾಶಾಸನಗಳಲ್ಲಿಯೇ ದೊರೆಯುವದು. ೧೧೧೭ರಲ್ಲಿ ಭಾಸ್ಕರದೇವನೆಂಬವನು ಇಲ್ಲಿ ಆಳಿಕೊಂಡಿದ್ದನೆಂದು ಶಾಸನಗಳನ್ನು ಓದಿದವರು ಹೇಳಿರುವರು. ಧಾರರಾವನು ಹುಟ್ಟುವದಕ್ಕೆ ಎರಡು ಶತಮಾನಕ್ಕೂ ಮಿಕ್ಕಿ ಮೊದಲೇ ಇದ್ದ ಊರಿಗೆ ಧಾರರಾವನ ಹೆಸರು ಬರುವದು ಹೇಗೆ? ಊರಿನ ಹೆಸರಿನಿಂದ ಪುರುಷನನ್ನು ಹುಟ್ಟಿಸಿ, ಆ ಪುರುಷನಿಂದ ಮತ್ತೆ ಊರನ್ನು ಹುಟ್ಟಿಸುವದು ನಮ್ಮ ಸ್ಥಳಪುರಾಣಗಳ ಹಳೆಯ ಪದ್ಧತಿ. ಅದಕ್ಕಾಗಿ ಅವುಗಳನ್ನು ಹೀಗಳೆಯಬೇಕಾದುದಿಲ್ಲ. ಇಸವಿಯನ್ನು ಮಾತ್ರ ಅವುಗಳಿಂದ ಸಾಲ ಪಡೆಯಬಾರದು.

ಧಾರವಾಡದ ಕೋಟೆಯು ಚಿತ್ರದುರ್ಗದಂತೆ ಗಿರಿದುರ್ಗವಲ್ಲ, ರಾಯಚೂರಿನಂತೆ ಆನೆಗಾತ್ರದ ಕಲ್ಲುಗಳನ್ನು ಒಟ್ಟಿದ್ದೂ ಅಲ್ಲ. ಅದರ ಬಲವೆಲ್ಲ ಮಣ್ಣಿನಲ್ಲಿ ಮತ್ತು ಕಂದಕದಲ್ಲಿ. ‘ಮಣ್ಣಕಿಲ್ಲೆ’ಯೆಂಬ ಹೆಸರೇ ಇದಕ್ಕೆ ಸಾಕ್ಷಿ, ಅದು ಮಣಕಿಲ್ಲೆಯೆಂದು ಇಂದಿಗೂ ಒಂದು ಓಣಿಯ ಹೆಸರಾಗಿ ಉಳಿದಿದೆ. ಮಣ್ಣಿನ ಗೋಡೆಯನ್ನು ಕಂಡು ನಗುವವರು ಯುದ್ಧಶಾಸ್ತ್ರವನ್ನು ಅರಿಯದವರು. ಕಲ್ಲಿನ ಗೋಡೆಗೆ ಗುಂಡು ತಗಲಿದರೆ ಕಲ್ಲು ಸಿಡಿದು ಬಿರುಕು ಬಿಡುವದು. ಕೊಬ್ಬಿದ ಮಣ್ಣಿನ ಗೋಡೆಯು ಗುಂಡನ್ನು ನುಂಗಿ ಸುಮ್ಮನಾಗುವದು. ಮುಂದೆ ಹೇಳಲಿರುವ ಮುತ್ತಿಗೆಯಲ್ಲಿ ಇದು ಚೆನ್ನಾಗಿ ಅನುಭವಕ್ಕೆ ಬಂದಿತು.

ಗೋಡೆಯು ಎಷ್ಟು ಬಲವಾಗಿದ್ದರೂ ಕೋಟೆಯ ಮರ್ಮಸ್ಥಾನವು ಬಾಗಿಲೇ. ಮೈಸೂರಿನ ಶಾಮಶಾಸ್ತ್ರಿಗಳು ೧೯೦೯ರಲ್ಲಿ ಅಚ್ಚು ಮಾಡಿಸಿ ಲೋಕಕ್ಕೆ ಕೊಟ್ಟ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ದುರ್ಗವಿಧಾನಕ್ಕೆ ಪ್ರತ್ಯೇಕವಾದ ಅಧ್ಯಾಯವೇ ಇದೆ. ಪರಿಖೆ, ವಪ್ರ, ಪ್ರಾಕಾರ, ಅಟ್ಟಾಲಕ, ಪ್ರತೋಲಿ, ಗೋಪುರ ಇವುಗಳ ಅಳತೆಯನ್ನು ಅಲ್ಲಿ ಗೇಣು ಗೇಣಾಗಿ ಹೇಳಿದೆ. ಇಂದು ನಾವು ದೇವಾಲಯಕ್ಕೆ ಮಾತ್ರ ಮೀಸಲಿಟ್ಟ ‘ಗೋಪುರ’ವೆಂಬ ಶಬ್ದವು ಅಮರಸಿಂಹನಿಗೆ ಊರಬಾಗಿಲಿನ ಹೆಸರು. ಬಾಗಿಲಿನೆದುರಿಗೆ ಏರಿಯಾಗಿ ಹಾಕಿದ ಮಣ್ಣಿನ ದಿಬ್ಬಕ್ಕೆ ‘ಹಸ್ತಿನಖ’ವೆಂಬ ಚಮತ್ಕಾರದ ಹೆಸರನ್ನೂ ಅವನು ಕೊಟ್ಟಿರುವನು. ಕನ್ನಡಿಗರಾದರೂ ಈ ವಿಷಯದಲ್ಲಿ ಬಡವರಲ್ಲ. ಹೆಬ್ಬಾಗಿಲು, ದಿಡ್ಡಿ, ಅಗಸೆ, ಉಕ್ಕಡ, ಅಗುಳಿ, ಹುಡೆ, ಅಗಳ್ತೆ ಎಂದು ಒಂದೊಂದಕ್ಕೆ ಒಂದೊಂದು ಮಾತುಂಟು. ದೊಡ್ಡ ಬಾಗಿಲು ಮುಚ್ಚಿದ ಮೇಲೆ ಒಬ್ಬೊಬ್ಬರನ್ನೇ ಒಳಗೆ ಬಿಡುವದಕ್ಕೆ ದಿಡ್ಡಿ. ಬಾಗಿಲಿಗೆ ಮೈಯೊಡ್ಡುವ ಆನೆಯ ಹಣೆಯನ್ನು ಸೀಳುವದಕ್ಕೆ ಕಬ್ಬಿಣದ ಮೊಳೆ. ಓಡಿಬರುವ ಶತ್ರುವಿನ ವೇಗವನ್ನು ಮುರಿಯುವದಕ್ಕೆ ದಾರಿಯಲ್ಲಿ ತಿರುವು. ಇಷ್ಟೆಲ್ಲ ಮಾಡಿಯೂ ಬಾಗಿಲು ಬಾಗಿಲೇ. ಅದನ್ನು ತೆರೆಯುವದು ಒಳಗಿನವರ ಕೈಯಲ್ಲಿರುವದು. ಒಳಗಿನವರು ಯಾವದಕ್ಕಾಗಿ ತೆರೆದರೆಂಬುದೇ ಧಾರವಾಡದ ಬಾಗಿಲಿನ ಇತಿಹಾಸ.

ರಾಮರಾಯನ ಪತನವಾದ ಎಂಟು ವರ್ಷಗಳ ತರುವಾಯ, ೧೫೭೩ರಲ್ಲಿ, ವಿಜಾಪುರದ ಅಲಿ ಆದಿಲಶಹನು ಧಾರವಾಡಕ್ಕೆ ಬಂದನು. ಆಗ ಕೋಟೆಯನ್ನು ರಾಮರಾಯನ ಹಳೆಯ ಅಧಿಕಾರಿಯೊಬ್ಬನು ಹೆಚ್ಚುಕಡಿಮೆ ಸ್ವತಂತ್ರನಾಗಿ ಹಿಡಿದುಕೊಂಡಿದ್ದನೆಂದು ಫೆರಿಸ್ತಾ ಬರೆಯುತ್ತಾನೆ. ಧಾರರಾವನ ಐತಿಹ್ಯದಲ್ಲಿ ರಾಮರಾಯನ ಅಧಿಕಾರಿಯು ಬರುವದು ಈ ನೆನಪಿನಿಂದಲೇ ಇರಬಹುದು. ಅರಸನ ಹೆಸರು ಜನರ ನೆನಪಿನಲ್ಲಿ ಸರಿಯಾಗಿ ನಿಂತು, ಇಸವಿಯು ಜಾರಿದಂತೆ ತೋರುತ್ತದೆ. ಮುತ್ತಿಗೆಯು ಆರು ತಿಂಗಳು ನಡೆಯಿತು. ಆಮೇಲೆ ಕೋಟೆಯು ಆದಿಲಶಹನ ಕೈಸೇರಿತು. ಅಲ್ಲಿಂದ ಅವನು ಬಂಕಾಪುರಕ್ಕೆ ಹೋಗಿ ಒಂದು ವರ್ಷಕ್ಕೂ ಮಿಕ್ಕಿ ಕಾಯಬೇಕಾಯಿತು. ಆ ಕಾಲದ ಯುದ್ಧದಲ್ಲಿ ಕತ್ತಿಗಿಂತ ಕಣಜವೇ ಹೆಚ್ಚು ಮಾತನಾಡುತ್ತಿತ್ತು.

ಮುಂದಿನ ಎರಡು ಶತಮಾನಗಳನ್ನು ಬೇಗನೆ ದಾಟಬಹುದು. ೧೬೮೫ರಲ್ಲಿ ಮೊಗಲರು ಬಂದರು. ೧೭೫೩ರಲ್ಲಿ ದಿಲ್ಲಿಯ ಪರವಾಗಿದ್ದ ಕಿಲ್ಲೇದಾರನು ಪೇಶವೆಯವರಿಂದ ಹಣವನ್ನು ಪಡೆದು ಬೀಗದ ಕೈಯನ್ನು ಒಪ್ಪಿಸಿದನೆಂದು ಹೇಳುವರು. ೧೭೬೪ರಲ್ಲಿ ಹೈದರನ ದಂಡು, ಅದು ಹೋದ ಬಳಿಕ ಮತ್ತೆ ಮರಾಠರು, ೧೭೭೮ರ ಹೊತ್ತಿಗೆ ಮತ್ತೆ ಹೈದರ. ಹೀಗೆ ಪೂನಾದ ಅಧಿಕಾರಿಯು ಒಂದು ಸಲ, ಪಟ್ಟಣದ ಅಧಿಕಾರಿಯು ಒಂದು ಸಲ ಬಂದು ಸುಂಕವನ್ನು ಎತ್ತುತ್ತಿರಲು, ಸುಗ್ಗಿಯ ಕಾಲದಲ್ಲಿ ಯಾರಿಗೆ ಕೈಮುಗಿಯಬೇಕೆಂಬುದು ಹೊಲದಲ್ಲಿದ್ದ ರೈತನಿಗೆ ಗೊತ್ತಿರುತ್ತಿರಲಿಲ್ಲ.

೧೭೯೦ರಲ್ಲಿ ಟೀಪುಸುಲ್ತಾನನ ಮೇಲೆ ಇಂಗ್ಲಿಷರು, ಪೇಶವೆಯವರು, ನಿಜಾಮನು ಮೂವರೂ ಕೂಡಿ ಎದ್ದರು. ಪೇಶವೆಯ ಪರವಾಗಿ ಪರಶುರಾಮಭಾವು ಪಟವರ್ಧನನು ಧಾರವಾಡಕ್ಕೆ ನಡೆದು ಬಂದನು. ಅವನ ಸಹಾಯಕ್ಕೆ ಮುಂಬಯಿ ಸಿಪಾಯಿಗಳ ಎರಡು ಪಲಟಣಗಳನ್ನು ಕೂಡಿಕೊಂಡು ಕ್ಯಾಪ್ಟನ್ ಲಿಟಲ್ ಎಂಬವನು ಬಂದಿದ್ದನು. ಕೋಟೆಯೊಳಗೆ ಟೀಪುವಿನ ಕಡೆಯ ಬದ್ರುಜ್ಜಮಾನ್‌ಖಾನನಿದ್ದನು. ಸೆಪ್ಟೆಂಬರ ತಿಂಗಳಲ್ಲಿ ಆರಂಭವಾದ ಮುತ್ತಿಗೆಯು ಇಪ್ಪತ್ತೊಂಬತ್ತು ವಾರ ನಡೆಯಿತು.

ಈ ಮುತ್ತಿಗೆಯ ವಿವರಗಳು ನಮಗೆ ದೊರೆತದ್ದು ಎಡ್ವರ್ಡ್ ಮೂರ್ ಎಂಬ ತರುಣನಿಂದ. ಲಿಟಲ್‌ನ ಪಡೆಯಲ್ಲಿದ್ದ ಈತನು ಆಗ ಇಪ್ಪತ್ತರ ಆಸುಪಾಸಿನವನು. ೧೭೯೪ರಲ್ಲಿ ತಾನು ಕಂಡುದನ್ನೆಲ್ಲ ದೊಡ್ಡ ಪುಸ್ತಕವಾಗಿ ಪ್ರಕಟಿಸಿದನು. ಇವನೇ ಮುಂದೆ ೧೮೧೦ರಲ್ಲಿ ನಮ್ಮ ದೇವತೆಗಳ ವಿಷಯವಾಗಿ ಚಿತ್ರಸಮೇತವಾದ ಉದ್ಗ್ರಂಥವನ್ನು ಬರೆದು ಯುರೋಪದಲ್ಲಿ ಹೆಸರಾದನು. ಗುಂಡು ಹಾರಿಸಲು ಬಂದವನು ಗಣಪತಿಯ ಚಿತ್ರಗಳನ್ನು ಕೂಡಿಸಿಕೊಂಡು ಹೋದನು. ಇಂಥ ವಿಚಿತ್ರಗಳೂ ಆ ಕಾಲದಲ್ಲಿ ಸಲ್ಲುತ್ತಿದ್ದವು.

ಮೂರನು ವರ್ಣಿಸಿದ ಮರಾಠಾ ತೋಪಿನ ದಿನಚರಿಯನ್ನು ಇತಿಹಾಸಕಾರರು ಮೇಲಿಂದ ಮೇಲೆ ಎತ್ತಿ ಹೇಳಿರುವರು. ತೋಪಿಗೆ ಮದ್ದು ತುಂಬುವದು. ತುಂಬಿದ ಬಳಿಕ ಎಲ್ಲರೂ ಕುಳಿತು ಅರ್ಧ ತಾಸು ಮಾತನಾಡುತ್ತ ಹೊಗೆ ಸೇದುವದು. ಆಮೇಲೆ ಎದ್ದು ಗುಂಡು ಹಾರಿಸುವದು. ಗುಂಡು ಎಲ್ಲಿ ಬಿದ್ದರೂ ಧೂಳು ಎದ್ದರೆ ಸಂತೋಷಪಡುವದು. ಮತ್ತೆ ತುಂಬುವದು, ಮತ್ತೆ ಕುಳಿತುಕೊಳ್ಳುವದು. ನಡುಹಗಲಿನ ಎರಡು ತಾಸು ಊಟಕ್ಕೂ ಹರಟೆಗೂ ಮೀಸಲು. ಆ ಹೊತ್ತಿನಲ್ಲಿ ಕೋಟೆಯವರೂ ಸುಮ್ಮನಿರುವರು, ಮುತ್ತಿದವರೂ ಸುಮ್ಮನಿರುವರು. ಇದನ್ನು ಓದಿದ ಇಂಗ್ಲಿಷ ವಾಚಕರು ಹೊಟ್ಟೆ ಹುಣ್ಣಾಗುವಂತೆ ನಕ್ಕರು. ಆದರೆ ನಗುವವರು ಮಣ್ಣಕಿಲ್ಲೆಯ ಗೋಡೆಯನ್ನು ಮರೆತರು. ಬಲವಾದ ತೋಪಿಲ್ಲದೆ ಆ ಗೋಡೆಯನ್ನು ಕೆಡಹುವದು ಆಗದೆಂದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಆಗದ ಕೆಲಸವನ್ನು ಅವಸರದಿಂದ ಮಾಡಿದ್ದರೆ ಏನು ಸಾಧಿಸಿದಂತಾಗುತ್ತಿತ್ತು? ಅವಸರ ಮಾಡಿದವರ ಗತಿಯನ್ನೂ ಧಾರವಾಡವು ಕಂಡಿತು. ಲಿಟಲ್‌ನ ಬೆಂಬಲಕ್ಕೆ ಹೊಸ ಪಡೆಯೊಡನೆ ಬಂದ ಕರ್ನಲ್ ಫ್ರೆಡೆರಿಕ್‌ನು ತಡೆಯಲಾರದೆ, ೧೭೯೧ರ ಫೆಬ್ರುವರಿ ೭ನೆಯ ದಿನ ಕೋಟೆಯ ಮೇಲೆ ಲಗ್ಗೆ ಮಾಡಿಸಿದನು. ಕಂದಕವನ್ನು ತುಂಬಲು ಕಟ್ಟಿಗೆಯ ಹೊರೆಗಳನ್ನು ಒಟ್ಟಿದ್ದರು. ಕೋಟೆಯವರು ಆ ಹೊರೆಗಳಿಗೇ ಬೆಂಕಿ ಕೊಟ್ಟರು. ಲಗ್ಗೆಯು ಮುರಿಯಿತು. ಫ್ರೆಡೆರಿಕ್‌ನು ಮನೋವ್ಯಥೆಯಿಂದ ಕೊರಗಿ ಮಾರ್ಚ ತಿಂಗಳ ನಡುವೆ ತೀರಿಕೊಂಡನು.

ಈ ನಡುವೆ ಪೇಟೆಯ ಪಾಡು ಹೇಳತೀರದು. ಕೋಟೆಯ ತೆಂಕಣಕ್ಕಿದ್ದ ಪೇಟೆಯನ್ನು ಮುತ್ತಿದವರು ಹಿಡಿದರು. ಸುಲಿಗೆಯಾಯಿತು, ಬೆಂಕಿ ಬಿದ್ದಿತು. ಒಳಗಿನವರು ಹೊರಬಂದು ಮತ್ತೆ ಹಿಡಿದರು. ಮುತ್ತಿದವರು ಪುನಃ ಹಿಡಿದರು. ಕೋಟೆಯೊಳಗಿದ್ದವನಿಗೆ ಗೋಡೆಯುಂಟು, ದಂಡಿನಲ್ಲಿದ್ದವನಿಗೆ ಡೇರೆಯುಂಟು. ಪೇಟೆಯ ನೇಕಾರನಿಗೂ ಕಿರಾಣಿಯವನಿಗೂ ಎರಡೂ ಇಲ್ಲ. ಇವರ ಹೆಸರುಗಳನ್ನು ಮೂರನೂ ಬರೆಯಲಿಲ್ಲ, ಪೂನಾದ ಬಖೈರುಗಳಲ್ಲಿಯೂ ಅವು ಬರಲಿಲ್ಲ.

ಅದೇ ಮಾರ್ಚದ ೨೧ರ ರಾತ್ರಿ ಲಾರ್ಡ ಕಾರ್ನವಾಲಿಸನು ಬೆಂಗಳೂರ ಕೋಟೆಯನ್ನು ಭೇದಿಸಿ ಒಳನುಗ್ಗಿದನು. ಕಿಲ್ಲೇದಾರ ಬಹಾದೂರಖಾನನು ಕೈಯಲ್ಲಿ ಕತ್ತಿ ಹಿಡಿದುಕೊಂಡೇ ಬಿದ್ದನು. ಅಲ್ಲಿ ಕೋಟೆಯು ಒಡೆದದ್ದು ತೋಪಿನಿಂದ. ಧಾರವಾಡದಲ್ಲಿ ಹಾಗಾಗಲಿಲ್ಲ. ಒಳಗೆ ಧಾನ್ಯ ಮುಗಿಯುತ್ತ ಬಂದಿತ್ತು. ಸಾವಿನಿಂದಲೂ ಓಡಿಹೋಗುವವರಿಂದಲೂ ದಂಡು ಕರಗಿತ್ತು. ಸುಲ್ತಾನನ ನೆರವು ಬರುವ ಆಸೆಯು ಬೆಂಗಳೂರಿನೊಡನೆ ಹೋಯಿತು. ಬದ್ರುಜ್ಜಮಾನ್‌ಖಾನನು ಮಾತುಕತೆಗೆ ಒಪ್ಪಿದನು. ಮಾನಮರ್ಯಾದೆಯೊಡನೆ ತನ್ನ ದಂಡನ್ನು ಕರೆದುಕೊಂಡು ಹೊರಟುಹೋಗಬಹುದೆಂದು ಕರಾರು ಆಯಿತು. ಏಪ್ರಿಲ ತಿಂಗಳ ಆರಂಭದಲ್ಲಿ ಹೆಬ್ಬಾಗಿಲು ತೆರೆಯಿತು. ಗುಂಡಿಗೆ ಜಗ್ಗದಿದ್ದ ಬಾಗಿಲು ಒಂದು ಮಾತಿಗೆ ತೆರೆಯಿತು.

ಆ ಮಾತು ಎಷ್ಟು ದಿನ ಉಳಿಯಿತು? ದಂಡು ಹೊರಟು ಬಹುದೂರ ಹೋಗಿರಲಿಲ್ಲ. ದಾರಿಯಲ್ಲಿ ಮರಾಠರ ಪಡೆಯು ಮೇಲೆ ಬಿದ್ದಿತು. ಖಾನನು ಗಾಯಗೊಂಡು ಸೆರೆಯಾದನು. ಅವನೊಡನಿದ್ದವರು ಕೆಲವರು ಸತ್ತರು, ಕೆಲವರು ಚದರಿಹೋದರು. ಕೋಟೆಯನ್ನು ಬಿಡುವದಕ್ಕೆ ಮುಂಚೆ ಖಾನನು ಮದ್ದುಗುಂಡಿನ ದಾಸ್ತಾನನ್ನು ಕೆಡಿಸಿ ಕರಾರನ್ನು ತಾನೇ ಮೊದಲು ಮುರಿದನೆಂದು ಮರಾಠರ ದೂರು. ದೂರು ನಿಜವಿದ್ದರೂ ಇರಬಹುದು. ಸೋತು ಹೋಗುವ ಸೇನಾಪತಿಯು ಮದ್ದನ್ನು ಶತ್ರುವಿಗೆ ಬಿಟ್ಟುಹೋಗುವದು ಕಷ್ಟ. ಆದರೆ ಮದ್ದು ಕೆಟ್ಟದ್ದಕ್ಕೆ ಶರಣು ಬಂದವನ ಮೈಮೇಲೆ ಕೈಮಾಡುವದು ಯಾವ ನೀತಿಶಾಸ್ತ್ರದಲ್ಲಿಯೂ ಇಲ್ಲ. ಶರಣಾಗತನನ್ನು ಕೊಲ್ಲಬಾರದೆಂಬುದನ್ನು ಭಾವೂನ ಪಾಳೆಯದಲ್ಲಿದ್ದ ಶಾಸ್ತ್ರಿಗಳು ಅರಿಯದವರೇನಲ್ಲ.

ಹೀಗೆ ಹೇಳಿ ಒಂದು ಪಕ್ಷವನ್ನೇ ದೂಷಿಸಿದರೆ ಇತಿಹಾಸಕ್ಕೆ ಅನ್ಯಾಯವಾಗುವದು. ಆರು ವರ್ಷ ಹಿಂದೆ, ೧೭೮೫ರಲ್ಲಿ, ಧಾರವಾಡಕ್ಕೆ ಮೂಡಣದಲ್ಲಿರುವ ನರಗುಂದದ ಬಾಗಿಲೂ ಹೀಗೆಯೇ ತೆರೆದಿತ್ತು. ಅಲ್ಲಿಯ ದೇಸಾಯಿ ವೆಂಕಟರಾವ ಭಾವೆಯು ಟೀಪುವಿನ ದಂಡಿಗೆ ಬಹುದಿನ ಎದುರುನಿಂತು, ಕಡೆಗೆ ಅಭಯದ ಮಾತನ್ನು ನಂಬಿ ಗುಡ್ಡದಿಂದ ಇಳಿದನು. ಇಳಿದವನನ್ನೂ ಅವನ ಕಾರಭಾರಿ ಕಾಳೋಪಂತನನ್ನೂ ಸಂಕಲೆ ಹಾಕಿ ಕಬ್ಬಾಳದುರ್ಗಕ್ಕೆ ಕಳಿಸಿದರು. ಆ ಸುದ್ದಿಯು ಪೂನಾದಲ್ಲಿ ಉರಿ ಎಬ್ಬಿಸಿತ್ತು. ಪಟವರ್ಧನರ ದಂಡಿನಲ್ಲಿ ಅದನ್ನು ಮರೆತವರು ಯಾರೂ ಇದ್ದಿರಲಿಕ್ಕಿಲ್ಲ. ನರಗುಂದದ ಸಾಲವನ್ನು ಧಾರವಾಡದಲ್ಲಿ ತೀರಿಸಿಕೊಂಡರೆಂದು ಯಾರಾದರೂ ಅಂದರೆ ಅಲ್ಲಗಳೆಯುವದು ಕಷ್ಟ. ಆದರೆ ಸಾಲ ಮಾಡಿದವನು ಸುಲ್ತಾನ. ತೀರಿಸಿದವರು ಹಸಿದು ಹೊರಬಂದ ಬಡಸಿಪಾಯಿಗಳು.

೧೭೯೯ರಲ್ಲಿ ಶ್ರೀರಂಗಪಟ್ಟಣವು ಬಿದ್ದಿತು. ಆಗ ಕನ್ನಡಜಿಲ್ಲೆಯೆಲ್ಲ ಕಂಪನಿಯವರ ಪಾಲಿಗೆ ಹೋಯಿತು. ಧಾರವಾಡವು ಪೇಶವೆಯದಾಗಿ ಉಳಿಯಿತು. ಹೀಗಾಗಿ ಕಾಡಿನ ಅಂಚು ಎರಡು ರಾಜ್ಯಗಳ ಗಡಿಯಾಯಿತು. ಹಳಿಯಾಳದಲ್ಲಿ ಕಂಪನಿಯ ಠಾಣ್ಯ, ಅದಕ್ಕೆ ಎದುರಾಗಿ ಧಾರವಾಡದ ಕಿಲ್ಲೆಯಲ್ಲಿ ಮರಾಠರ ಠಾಣ್ಯ. ಮುಂದೆ ವೆಲಿಂಗ್ಟನ್ ಡ್ಯೂಕನೆಂದು ನೆಪೋಲಿಯನನನ್ನು ಗೆದ್ದ ಅರ್ಥರ್ ವೆಲ್ಲೆಸ್ಲಿಯು ಆ ದಿನಗಳಲ್ಲಿ ಬರೆದ ಪತ್ರಗಳಲ್ಲಿ ಹಳಿಯಾಳದ ಹೆಸರು ಮತ್ತೆ ಮತ್ತೆ ಬರುವದು. ಮರಾಠರ ಗಡಿಗೆ ಅದನ್ನು ಮುಖ್ಯವಾದ ನೆಲೆಯೆಂದು ಅವನು ಎಣಿಸಿದ್ದನು. ಇಂದು ಹಳಿಯಾಳದಿಂದ ಧಾರವಾಡಕ್ಕೆ ಬಸ್ಸಿನಲ್ಲಿ ಕುಳಿತವನಿಗೆ ಎಲ್ಲಿಯೂ ಒಂದು ಗಡಿ ತೋರದು. ಆಗ ಆ ದಾರಿಯಲ್ಲಿ ತೇಗಿನ ತೊಲೆಗೂ ಅಡಕೆಯ ಮೂಟೆಗೂ ಎರಡು ಸರಕಾರಗಳ ಸುಂಕವಿತ್ತು.

೧೮೦೦ರಲ್ಲಿ ವೆಲ್ಲೆಸ್ಲಿಯು ಧೋಂಡಿಯಾ ವಾಘನನ್ನು ಬೆನ್ನಟ್ಟಿ ಈ ಸೀಮೆಯಲ್ಲೆಲ್ಲ ತಿರುಗಿದನು. ಸೆಪ್ಟೆಂಬರ ೧೦ರಂದು ಕೋಣಗಲ್ಲಿನ ಬಳಿ ಧೋಂಡಿಯನು ಮಡಿದನು. ಅದರ ಮುಂದಿನ ವರ್ಷಗಳಲ್ಲಿ, ೧೮೦೩ರ ಸುಮಾರಿಗೆ, ಧಾರವಾಡದ ಕಿಲ್ಲೇದಾರನಾದ ಬಾಪೂಜಿ ಶಿಂದೆಯು ವೆಲ್ಲೆಸ್ಲಿಯನ್ನು ಕೋಟೆಯೊಳಗೆ ಔತಣಕ್ಕೆ ಕರೆದನು. ಕರೆದದ್ದು ಉಪಚಾರಕ್ಕೆ, ಬರುವನೆಂದು ಅವನು ಎಣಿಸಿರಲಿಲ್ಲ. ವೆಲ್ಲೆಸ್ಲಿಯು ಕೆಲವೇ ಜನರೊಡನೆ ಹೆಬ್ಬಾಗಿಲನ್ನು ದಾಟಿ ಒಳಗೆ ಬಂದು ಕುಳಿತನು. ಹೊರಗೆ ಅವನ ದಂಡು, ಒಳಗೆ ಶಿಂದೆಯ ದಂಡು, ನಡುವೆ ಅದೇ ಬಾಗಿಲು. ಹನ್ನೆರಡು ವರ್ಷ ಹಿಂದೆ ಇದೇ ಬಾಗಿಲಿನಿಂದ ಖಾನನು ಮಾತನ್ನು ನಂಬಿ ಹೊರಗೆ ಹೋಗಿದ್ದನು. ಈಗ ಇನ್ನೊಬ್ಬನು ಮಾತನ್ನು ನಂಬಿ ಒಳಗೆ ಬಂದಿದ್ದನು. ಅಗುಳಿಯನ್ನು ಹಾಕುವದೊಂದೇ ಶಿಂದೆಗೆ ಉಳಿದ ಕೆಲಸವಾಗಿತ್ತು. ಅವನು ಹಾಕಲಿಲ್ಲ. ಊಟವಾಯಿತು, ತಾಂಬೂಲವಾಯಿತು, ಬಂದವನು ಬಂದಂತೆ ಹೊರಟುಹೋದನು. ತನ್ನ ಕೈಗೆ ಸಿಕ್ಕ ಇಷ್ಟು ದೊಡ್ಡ ಸೇನಾಪತಿಯನ್ನು ಏಕೆ ಬಿಟ್ಟುಕೊಟ್ಟೆನೆಂಬುದನ್ನು ಶಿಂದೆಯು ಮುಂದೆ ತಾನೇ ಬೆರಗಾಗಿ ಹೇಳಿಕೊಂಡನೆಂದು ಮಾಲ್ಕಮನ ಗ್ರಂಥದಿಂದ ತಿಳಿಯುವದು. ಈ ಕಥೆಯನ್ನು ಹೇಳುವ ಇಂಗ್ಲಿಷರು ವೆಲ್ಲೆಸ್ಲಿಯ ಧೈರ್ಯವನ್ನು ಕೊಂಡಾಡುವರು. ಧೈರ್ಯವೇನೋ ಹೌದು. ಆದರೆ ಅಂದು ಆ ಬಾಗಿಲಿನ ಮಾನವನ್ನು ಕಾದವನು ಅತಿಥಿಯಲ್ಲ, ಯಜಮಾನ. ದೊಡ್ಡ ಪುಸ್ತಕಗಳಲ್ಲಿ ಬಾಪೂಜಿ ಶಿಂದೆಗೆ ಒಂದೆರಡು ಸಾಲು ಮಾತ್ರ ಸಿಕ್ಕಿದೆ.

೧೮೧೭ರ ಜೂನದಲ್ಲಿ ಪೂನಾದ ಕೌಲಿನಂತೆ ಪೇಶವೆಯು ಧಾರವಾಡವನ್ನು ಕಂಪನಿಗೆ ಬಿಟ್ಟುಕೊಟ್ಟನು. ಥಾಮಸ್ ಮನ್ರೋ ಬಂದು ಕಿಲ್ಲೆಯನ್ನು ವಶಪಡಿಸಿಕೊಂಡನು. ಇಪ್ಪತ್ತೊಂಬತ್ತು ವಾರಗಳಲ್ಲಿ ಮುರಿಯದ ಕೋಟೆಯು ಕಾಗದದ ಒಂದು ಸಹಿಯಿಂದ ಕೈಬದಲಾಯಿತು.

ಧಾರವಾಡವು ಕಲೆಕ್ಟರನ ಊರಾದ ಮೇಲೆ ಅದರ ಬಾಗಿಲಿನಿಂದ ಹೊರಟವರು ಬೇರೆ ಬಾಗಿಲುಗಳ ಮುಂದೆ ಹೋಗಿ ನಿಂತರು. ೧೮೨೪ರಲ್ಲಿ ಕಲೆಕ್ಟರ ಥ್ಯಾಕರೆಯು ಕಿತ್ತೂರಿಗೆ ಹೋಗಿ ದತ್ತಕವು ಸಲ್ಲದೆಂದು ಹಠ ಹಿಡಿದು ಕೂತನು. ಅಕ್ಟೋಬರ ೨೩ರ ಬೆಳಿಗ್ಗೆ ಕೋಟೆಯ ಬಾಗಿಲು ಮುಚ್ಚಿತ್ತು. ತೆರೆಯದಿದ್ದರೆ ತೋಪಿನಿಂದ ಒಡೆಯುವೆನೆಂದು ಅವನು ಬೆದರಿಸಿದನು. ಬಾಗಿಲು ತೆರೆಯಿತು, ಆದರೆ ಒಳಗೆ ಕರೆಯುವದಕ್ಕಲ್ಲ. ಚೆನ್ನಮ್ಮರಾಣಿಯ ವೀರರು ಹೊಳೆಯಂತೆ ಹೊರಬಿದ್ದರು. ಥ್ಯಾಕರೆಯು ಅಲ್ಲಿಯೇ ಹತನಾದನು. ಈ ವೃತ್ತಾಂತವನ್ನು ಕರ್ನಾಟಕದಲ್ಲಿ ಅರಿಯದವರಿಲ್ಲ, ವಿಸ್ತಾರವು ಬೇಡ.

ಕಡೆಯ ಅಂಕವು ಮತ್ತೆ ನರಗುಂದದ್ದು. ೧೮೫೮ರಲ್ಲಿ ಅದೇ ಭಾವೆಯವರ ಮನೆತನದ ಭಾಸ್ಕರರಾವನು, ಎಂದರೆ ಜನರ ಬಾಬಾಸಾಹೇಬನು, ಕಂಪನಿಯ ಮೇಲೆ ಎದ್ದನು. ಮೇ ೨೯ರ ರಾತ್ರಿ ಪೊಲಿಟಿಕಲ್ ಏಜಂಟ ಮ್ಯಾನ್‌ಸನನನ್ನು ಕೊಂದು ಅವನ ತಲೆಯನ್ನು ನರಗುಂದದ ಅಗಸೆಗೆ ತೂಗಹಾಕಿದರು. ಕೆಲವೇ ದಿನಗಳಲ್ಲಿ ನರಗುಂದವು ಬಿದ್ದಿತು. ಜೂನ ೧೨ರಂದು ಬಾಬಾಸಾಹೇಬನನ್ನು ಬೆಳಗಾವಿಯಲ್ಲಿ ಗಲ್ಲಿಗೇರಿಸಿದರು. ಊರಬಾಗಿಲಿಗೆ ತಲೆಯನ್ನು ಕಟ್ಟುವದೂ ಊರಜನರ ಕಣ್ಣೆದುರು ಗಲ್ಲಿಗೇರಿಸುವದೂ ಒಂದೇ ಲಿಪಿಯ ಎರಡು ಬರಹಗಳು. ಈ ದಂಗೆಯ ತರುವಾಯ ನಾಡಿನ ಕೋಟೆಗಳನ್ನು ಬಲಗುಂದಿಸುವದು ಸರಕಾರದ ನೀತಿಯಾಯಿತು. ಧಾರವಾಡದ ಗೋಡೆಗಳನ್ನೂ ಅಲ್ಲಲ್ಲಿ ಕೆಡಹಿದರು. ಸುಲ್ತಾನರ ಮತ್ತು ಪೇಶವೆಯರ ತೋಪುಗಳಿಂದ ಆಗದ ಕೆಲಸವನ್ನು ಕೂಲಿಯವರ ಗುದ್ದಲಿ ಸಲಿಕೆಗಳು ಮಾಡಿ ಮುಗಿಸಿದವು. ಉಳಿದ ಮಣ್ಣನ್ನು ಮಳೆಯು ಕರಗಿಸಿತು. ಕಂದಕದ ಬಹುಭಾಗವು ತುಂಬಿಹೋಯಿತು.

ಆದರೂ ಹೆಬ್ಬಾಗಿಲು ಉಳಿಯಿತು. ಸುತ್ತಲಿನ ಗೋಡೆಯು ಹೋದ ಮೇಲೆ ಬಾಗಿಲೊಂದೇ ನಿಂತರೆ ನೋಡುವವನಿಗೆ ಕೊಂಚ ವಿಚಿತ್ರವೆನಿಸುವದು. ಆಚೆ ಈಚೆಗೆ ಹೋಗಲು ಬೇಕಾದಷ್ಟು ದಾರಿಯಿರುವಲ್ಲಿ ಬಾಗಿಲೇಕೆಂದು ಹುಡುಗರು ಕೇಳುವರು. ಕಿಲ್ಲೆಯ ಒಳನೆಲದಲ್ಲಿ ಜಿಲ್ಲೆಯ ಆಸ್ಪತ್ರೆಯಿದೆ, ಮನೆಗಳಿವೆ, ಹೆಂಗಸರು ನಡೆದುಕೊಳ್ಳುವ ದುರ್ಗಾದೇವಿಯ ಗುಡಿಯಿದೆ. ಹಳಿಯಾಳ, ದಾಂಡೇಲಿ, ಜೋಯಿಡಾಗಳ ಕಡೆಯಿಂದ ದೊಡ್ಡ ಬೇನೆಯೆಂದರೆ ಧಾರವಾಡಕ್ಕೆ ಹೋಗುವ ರೂಢಿ ಇಂದಿಗೂ ತಪ್ಪಿಲ್ಲ. ಖಾನನ ಸಿಪಾಯಿಗಳು ಹಸಿದು ಹೊರಬಿದ್ದ ನೆಲದ ಮೇಲೆ ಈಗ ಹಳ್ಳಿಯ ತಾಯಂದಿರು ಬುತ್ತಿಯ ಗಂಟು ಬಿಚ್ಚಿಕೊಂಡು, ಒಳಗೆ ಮಲಗಿದವರ ಸುದ್ದಿಗಾಗಿ ಕಾಯುತ್ತ ಕೂತಿರುವರು. ಮಾಘದಲ್ಲಿ ಉಳವಿಗೆ ಹೊರಟ ಬಂಡಿಗಳು ಊರಿನ ಇನ್ನೊಂದು ಮಗ್ಗುಲಿನಿಂದ ಪಡುವಣಕ್ಕೆ ತಿರುಗಿ ಹಳಿಯಾಳದ ದಾರಿಯನ್ನು ಹಿಡಿಯುವವು.